ಗಾದಿಯೊಳಗೆ ಹಾಡು ತುಂಬಿದವಳು

ಇದನ್ನು ನಾನು ಒಂದೇ ಬೆರಳಿನಿಂದ ಬರೆಯುತ್ತಿದ್ದೇನೆ. ಉಳಿದ ಬೆರಳುಗಳು ಫೋನು ಹಿಡಿದುಕೊಂಡು ಸುಮ್ಮನೆ ನೋಡುತ್ತಿವೆ, ಮದುವೆ ಮನೆಯಲ್ಲಿ ಕೆಲಸ ಮಾಡದ ನೆಂಟರ ಹಾಗೆ. ಮೊಮ್ಮಗಳು ಕಲಿಸಿದ್ದು. ಒಂದು ಅಕ್ಷರ ಒತ್ತಿದರೆ ಈ ಫೋನು ತಾನೇ ಪೂರಾ ಶಬ್ದ ಮುಂದಿಡುತ್ತದೆ. 'ಗಾ' ಎಂದು ಒತ್ತಿದರೆ ಗಾಡಿ ಬೇಕೋ, ಗಾಳಿ ಬೇಕೋ ಎಂದು ಕೇಳುತ್ತಿತ್ತು. ಗಾದಿ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ನಾನು ಹಟ ಹಿಡಿದು ಮೇಲಿಂದ ಮೇಲೆ ಬರೆದು ಕಲಿಸಿದೆ. ಈಗ 'ಗಾ' ಅನ್ನುವಷ್ಟರಲ್ಲಿ ಗಾದಿ ಹಾಸಿ ಕೊಡುತ್ತದೆ.

ಗಾದಿ ಎಂದರೆ ನಮ್ಮ ಕಡೆ ಹತ್ತಿ ತುಂಬಿದ ಹಾಸಿಗೆ. ನನ್ನ ಕೋಣೆಯಲ್ಲಿ ಒಂದಿದೆ. ಜಗಳ ಇರುವುದು ಅದರ ಬಗ್ಗೆಯೇ.

ಜಗಳ ನನಗೂ ನನ್ನ ಮಗಳಿಗೂ. ನಾನು ಹಾವೇರಿಯಲ್ಲಿ ಅವಳ ಮನೆಯಲ್ಲಿರುತ್ತೇನೆ. ಅವಳದು ಬಸ್ ಸ್ಟ್ಯಾಂಡಿನ ಹಿಂದೆ ಬ್ಲೌಸು ಹೊಲಿಯುವ ಅಂಗಡಿ. ಊರ ಹೆಂಗಸರು ಯಾರು ಎಷ್ಟು ದಪ್ಪಗಾದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಇವಳ ಟೇಪಿಗೆ ತಿಳಿಯುತ್ತದೆ. ನನ್ನ ಗಾದಿ ಕಲ್ಲಾಗಿದೆ ಎಂಬುದು ಅವಳ ದೂರು. ಸುಳ್ಳಲ್ಲ. ಹತ್ತಿ ಗಾದಿಯನ್ನು ಕೆಲವು ವರ್ಷಕ್ಕೊಮ್ಮೆ ಬಿಚ್ಚಬೇಕು, ಗಂಟುಗಟ್ಟಿದ ಹತ್ತಿಯನ್ನು ಹಿಂಜಿ ಎಳೆ ಎಳೆ ಬಿಡಿಸಬೇಕು, ಮತ್ತೆ ತುಂಬಿ ಹೊಲಿಯಬೇಕು. ಇಲ್ಲದಿದ್ದರೆ ಅದು ನೆಲಕ್ಕಿಂತ ಗಟ್ಟಿಯಾಗುತ್ತದೆ. ನನ್ನದರಲ್ಲಿ ಗುಡ್ಡಗಳಿವೆ, ತಗ್ಗುಗಳಿವೆ. ಯಾವ ತಗ್ಗಿನಲ್ಲಿ ಸೊಂಟ ಇಡಬೇಕು, ಯಾವ ಗುಡ್ಡಕ್ಕೆ ಬೆನ್ನು ಕೊಡಬೇಕು ಎಂದು ನಾನು ಕಣ್ಣು ಮುಚ್ಚಿ ಹೇಳಬಲ್ಲೆ.

"ಯವ್ವಾ, ಅದನ್ನ ಬಿಚ್ಚಿ ರಾಣೆಬೆನ್ನೂರಿಗೆ ಕಳಸೂಣು. ಅಲ್ಲಿ ಹಿಂಜೂ ಮಶೀನ್ ಅದಾವು. ಮುಂಜಾನೆ ಕೊಟ್ರ ಸಂಜೀಕ ಕೊಡ್ತಾರ. ನಿನ್ನ ಸೊಂಟ ಒಮ್ಮಿ ನೋಡ್ಕೊ."

"ನನ್ನ ಸೊಂಟ ನನಗ ಹೆಂಗ ಕಾಣಬೇಕು? ಹಿಂದೈತಿ."

"ಚಾಷ್ಟಿ ಸಾಕು."

ತಮಾಷೆ ಮಾಡದಿದ್ದರೆ ಬೇರೆ ಏನು ಹೇಳಲಿ? ಆ ಗಾದಿಯ ಹೊಲಿಗೆ ಬಿಚ್ಚುವುದಕ್ಕೆ ನನಗೆ ಮನಸ್ಸಿಲ್ಲ. ಅದನ್ನು ಕಡೆಯ ಸಲ ಹಿಂಜಿ, ತುಂಬಿ, ಹೊಲಿದವಳು ಈಗ ಇಲ್ಲ.

ಅವಳು ಬ್ಯಾಡಗಿಯಲ್ಲಿ ನಮ್ಮ ಪಕ್ಕದ ಮನೆಯವಳು. ಹೆಸರು ಬರೆಯುವುದಿಲ್ಲ. ಅವಳಿಗೆ ತನ್ನ ಹೆಸರು ಸೇರುತ್ತಿರಲಿಲ್ಲ. ಅದು ಅವಳ ಸೋದರತ್ತೆಯ ಹೆಸರಂತೆ, ಸೋದರತ್ತೆ ಮಹಾ ಜಿಪುಣಿಯಂತೆ. ಓಣಿಯವರು ಅವಳನ್ನು ಗಾದಿ ಬೂಬವ್ವ ಅನ್ನುತ್ತಿದ್ದರು. ನಾನು ಅಕ್ಕ ಅನ್ನುತ್ತಿದ್ದೆ. ಅವಳು ನನ್ನನ್ನು ಸಾವಕಾರ್ತಿ ಅನ್ನುತ್ತಿದ್ದಳು. ನಮ್ಮದೊಂದು ಸಣ್ಣ ಕಿರಾಣಿ ಅಂಗಡಿ. ಉಪ್ಪು, ಬೆಲ್ಲ, ಬೀಡಿ, ನಶ್ಯ. ಅದಕ್ಕೆ ಸಾವಕಾರಿಕೆ ಎನ್ನುವುದು ಗುಬ್ಬಿಗೆ ಗರುಡ ಅಂದ ಹಾಗೆ. ಅವಳು ಹಿತ್ತಲಲ್ಲಿ ನಿಂತು "ಏ ಸಾವಕಾರ್ತಿ" ಎಂದು ಕೂಗಿದರೆ ಓಣಿ ನಗುತ್ತಿತ್ತು. ಎಲ್ಲರಿಗಿಂತ ಮೊದಲು ನಾನೇ ನಗುತ್ತಿದ್ದೆ.

ಗಿಡ್ಡ ಹೆಂಗಸು. ಮುಂಗೈ ಮಾತ್ರ ಗಂಡಾಳಿನದು. ಹರೆಯದಲ್ಲೇ ಅವಳ ಹುಬ್ಬು, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗಿರುತ್ತಿದ್ದವು. ಹತ್ತಿಯ ಎಳೆ ಕೂತು ಹಾಗೆ. ಸಂಜೆ ಮುಖ ತೊಳೆದರೆ ಕರ್ರಗಿನ ಹುಡುಗಿ ಹೊರಗೆ ಬರುತ್ತಿದ್ದಳು. ಮುಂದೆ ಎಷ್ಟೋ ವರ್ಷದ ಮೇಲೆ ಹುಬ್ಬು ನಿಜವಾಗಿಯೂ ಬೆಳ್ಳಗಾದವು. ಅದು ಯಾರಿಗೂ ಗೊತ್ತಾಗಲಿಲ್ಲ. ದಿನಾ ನೋಡುತ್ತಿದ್ದ ನನಗೂ ಗೊತ್ತಾಗಲಿಲ್ಲ.

ಹಿಂಜುವ ಕೆಲಸ ಮೊದಲು ಅವಳ ಗಂಡನದು. ಹತ್ತಿಯ ದೂಳು ಅವನ ಎದೆಯಲ್ಲಿ ಕೂತು ಕೆಮ್ಮು ಹತ್ತಿತು. ಹತ್ತಿ ಹಿಂಜುವ ಬಿಲ್ಲು ಎತ್ತಿದರೆ ಉಸಿರು ಎತ್ತಲಾಗುತ್ತಿರಲಿಲ್ಲ. ಒಂದು ದಿನ ಇವಳು ಸೀರೆಯನ್ನು ಸೊಂಟಕ್ಕೆ ಸಿಗಿಸಿ ತಾನೇ ಬಿಲ್ಲು ಹಿಡಿದಳು. ಹೆಂಗಸು ಬಿಲ್ಲು ಹಿಡಿಯುವುದು ಅವರ ಮುಸಲ್ಮಾನ ಮಂದಿಯಲ್ಲೂ ಇರಲಿಲ್ಲ, ನಮ್ಮ ಮಂದಿಯಲ್ಲೂ ಇರಲಿಲ್ಲ. ಎರಡೂ ಕಡೆಯ ಹಿರಿಯರು ಒಂದೇ ಮಾತು ಆಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಹೆಣಮಗಳು ಬಿಲ್ಲ ಹಿಡದ್ರ ಹೆಂಗಬೇ?" ಎಂದು ಕೇಳಿದ ಹಿರಿಯರೊಬ್ಬರಿಗೆ ಅವಳು ಕೆಲಸ ನಿಲ್ಲಿಸದೆ ಹೇಳಿದ್ದು:

"ನೀವು ಮಲಗೂದು ಗಾದಿ ಮ್ಯಾಲೋ, ನನ್ನ ಗಂಡನ ಮೀಸಿ ಮ್ಯಾಲೋ? ಗಾದಿ ಮೆತ್ತಗಿದ್ರ ಸಾಕಲ್ರಿ."

ಹಿರಿಯರು ಮರುವಾರ ತಮ್ಮ ಗಾದಿ ಹೊತ್ತುಕೊಂಡು ಬಂದರು.

ಆ ಬಿಲ್ಲು ಅವಳಿಗಿಂತ ಉದ್ದ. ತೊಲೆಯಿಂದ ಹಗ್ಗದಲ್ಲಿ ಇಳಿಬಿಟ್ಟಿರುತ್ತಿತ್ತು. ಅದಕ್ಕೆ ನರದ ಹುರಿ ಬಿಗಿದಿರುತ್ತಿತ್ತು. ಹುರಿಯನ್ನು ಹತ್ತಿಯ ರಾಶಿಗೆ ತಾಗಿಸಿ ಮರದ ಗುಂಡಿನಿಂದ ಮೀಟಿದರೆ ಡಂಯ್ ಎನ್ನುತ್ತಿತ್ತು. ಅದು ಕಿವಿಗೆ ಬರುವ ಮೊದಲು ನೆಲದಿಂದ ಕಾಲಿಗೆ ಬರುತ್ತಿತ್ತು. ಡಂಯ್, ಡಂಯ್, ನಡುವೆ ಒಂದು ಸಣ್ಣ ಟಿಂಗ್. ಮೊದಲ ಡಂಯ್ ಕೇಳಿದೊಡನೆ ಓಣಿಯ ಹೆಂಗಸರೆಲ್ಲ ಸೆರಗನ್ನು ಮೂಗಿಗೆ ಎಳೆದುಕೊಳ್ಳುತ್ತಿದ್ದೆವು, ಒಲೆಯ ಮೇಲಿನ ಹಾಲಿಗೆ ತಟ್ಟೆ ಮುಚ್ಚುತ್ತಿದ್ದೆವು. ಯೋಚನೆ ಮಾಡಿ ಮಾಡುವುದಲ್ಲ, ಕೈ ತಾನೇ ಹೋಗುತ್ತಿತ್ತು. ನಮ್ಮೂರಲ್ಲಿ ವರ್ಷದ ಅರ್ಧ ಮೆಣಸಿನಕಾಯಿಯ ಘಾಟು, ಉಳಿದರ್ಧ ಬೂಬವ್ವನ ಹತ್ತಿ. ಬ್ಯಾಡಗಿಯ ನಮ್ಮ ಓಣಿಯ ಸೊಸೆಯಂದಿರು ಮೂಗು ಮುಚ್ಚಿಕೊಂಡೇ ಸಂಸಾರ ಮಾಡಿದವರು.

ಅವಳಿಗೆ ಒಂದು ನೇಮ ಇತ್ತು. ಒಂಟಿ ಸೀನಿಗೆ ಹೊಲಿಗೆ ಬಿಚ್ಚುತ್ತಿರಲಿಲ್ಲ. ಒಂಟಿ ಸೀನು ಅಪಶಕುನ, ಜೋಡಿ ಸೀನು ಶುಭ ಎಂದು ಎಲ್ಲರೂ ಅನ್ನುತ್ತಾರೆ, ಅಂದು ಮರೆಯುತ್ತಾರೆ. ಅವಳು ಮರೆಯುತ್ತಿರಲಿಲ್ಲ. ಗಾದಿಯ ಮೊದಲ ಹೊಲಿಗೆಗೆ ಕತ್ತರಿ ಇಡುವಾಗ ಯಾರಾದರೂ ಒಮ್ಮೆ ಸೀನಿದರೋ, ಮುಗಿಯಿತು. ಕತ್ತರಿ ಎತ್ತಿಕೊಂಡು ಕೂತುಬಿಡುವಳು, ಎರಡನೆಯ ಸೀನು ಬರುವ ತನಕ. ಬರದಿದ್ದರೆ ಆ ಗಾದಿಗೆ ಆವತ್ತು ರಜೆ. ಹತ್ತಿಯ ಕೆಲಸ ಮಾಡುವವಳು ಸೀನಿಗೆ ಅಂಜುವುದೆಂದರೆ ಅಂಬಿಗ ನೀರಿಗೆ ಅಂಜಿದ ಹಾಗೆ. ಆದರೂ ಹಾಗೇ.

ಒಮ್ಮೆ ಅಗಡಿಯಿಂದ ಗಂಡಿನ ತಂದೆಯೊಬ್ಬರು ಮದುವೆ ಗಾದಿ ಹಿಂಜಿಸಲು ಬಂದಿದ್ದರು. ಬಹಳ ಅವಸರ. ಇವಳು ಕತ್ತರಿ ಇಟ್ಟಳು, ಅವರು ಸೀನಿದರು. ಇವಳ ಕೈ ನಿಂತಿತು.

"ಇನ್ನೊಂದ ಸೀನ್ರಿ."

"ಬರವಲ್ದಬೇ."

"ಬರೂ ತನಕ ಕುಂದ್ರಿ. ಮದಿವಿ ಗಾದಿ ಐತಿ, ಒಂಟಿ ಸೀನಿಗೆ ಬಿಚ್ಚಿ ಪಾಪ ಕಟ್ಟಿಕೊಳ್ಳಾಕ ನಾ ತಯಾರಿಲ್ಲ."

ಅವರು ಮೂಗು ತಿಕ್ಕಿದರು, ಸೂರ್ಯನನ್ನು ನೋಡಿದರು, ಮೂಗಿಗೆ ಹುಲ್ಲುಕಡ್ಡಿ ಹಾಕಿದರು. ಬರಲಿಲ್ಲ. ಕಡೆಗೆ ಇವಳು ಗೋಡೆಯ ಆಚೆಗೆ ಕೂಗಿದಳು: "ಏ ಸಾವಕಾರ್ತಿ, ಒಂದ ಚಿಟಿಕಿ ನಶ್ಯ ತಾ."

ನಾನು ಒಂದು ಚಿಟಿಕೆ ಒಯ್ಯಬೇಕಿತ್ತು. ಉದಾರವಾಗಿ ಒಯ್ದೆ. ಅವರು ಸೀನಲು ಹತ್ತಿದವರು ನಿಲ್ಲಲೇ ಇಲ್ಲ. ತಲೆಯ ಪಟಗ ಬಿಚ್ಚಿ ಬಿತ್ತು, ಕಟ್ಟೆಯ ಮೇಲಿನ ಬೆಕ್ಕು ಓಡಿಹೋಯಿತು. ಬೂಬವ್ವ ಕೈ ಮುಗಿದು ಅಂದಳು:

"ಸಾಕ್ರಿ ಯಜಮಾನರ, ಸಾಕು. ಒಂದ ಗಾದಿಗೆ ಇಷ್ಟ ಶುಭ ಹಿಡಸೂದಿಲ್ಲ."

ಮಧ್ಯಾಹ್ನ ನನ್ನ ಅಡಿಗೆ ಮುಗಿದ ಮೇಲೆ ಅವಳ ಹೊಸಿಲ ಮೇಲೆ ಕೂರುವುದು ನನ್ನ ಪದ್ಧತಿ. ಅವಳು ಹಿಂಜುತ್ತಲೇ ಹಾಡುವಳು. ಬಿಲ್ಲಿನ ಡಂಯ್ ಅವಳಿಗೆ ಶ್ರುತಿ. ನಮ್ಮ ಕಡೆ ಪದವನ್ನು ಒಬ್ಬರೇ ಹೇಳುವುದಿಲ್ಲ. ಒಬ್ಬರು ಎತ್ತಬೇಕು, ಒಬ್ಬರು ಹಿಡಿಯಬೇಕು. ಎತ್ತುವವಳು ಅವಳು, ಹಿಡಿಯುವವಳು ನಾನು. ಅವಳೇ ಕಟ್ಟಿದ ಒಂದು ಪದ ಇತ್ತು.

"ಬಿತ್ತಿದ ಹತ್ತಿ ಬಿಳಿಮೋಡ ಆತವ್ವ" ಎಂದು ಅವಳು ಎತ್ತುವಳು.

"ಮೋಡ ಮನಿತುಂಬ, ಮಳಿ ಎಲ್ಲಿ ಅಕ್ಕವ್ವ?" ಎಂದು ನಾನು ಹಿಡಿಯುವೆ.

ಮುಂದಿನ ಸಾಲು ಮತ್ತೆ ಅವಳದು. ಆ ಸಾಲು ಒಂದು ದಿನ ಇದ್ದಂತೆ ಇನ್ನೊಂದು ದಿನ ಇರುತ್ತಿರಲಿಲ್ಲ. "ಮಳಿ ಹೋಗಿ ಕುಂತೈತಿ ಸಾವಕಾರನ ಗಲ್ಲಾದಾಗ" ಎಂದು ನನ್ನ ಗಂಡನಿಗೆ ಕೇಳುವ ಹಾಗೆ ಒಮ್ಮೆ. "ಮಳಿಗಿ ಮದಿವ್ಯಂತ, ಮುಂದಿನ ವಾರ ಬರತಾದ" ಎಂದು ಒಮ್ಮೆ. ತವರು ನೆನಪಾದ ದಿನ "ಮಳಿ ನಿಂತ ಅಳತೈತಿ ಐರಣಿ ಹೊಳಿದಂಡಿ" ಎನ್ನುವಳು. ಐರಣಿ ಅವಳ ತವರೂರು, ತುಂಗಭದ್ರೆಯ ದಂಡೆ. ಆ ದಿನ ನಾನು ನಗುತ್ತಿರಲಿಲ್ಲ, ಎದ್ದು ಚಹಾ ಮಾಡುತ್ತಿದ್ದೆ. ನನ್ನ ಪ್ರಶ್ನೆ ದಿನಾ ಅದೇ. ಅವಳ ಉತ್ತರ ದಿನಾ ಹೊಸದು. ಅದನ್ನು ಕೇಳುವುದಕ್ಕೆಂದೇ ನಾನು ಲಗೂ ಲಗೂ ಅಡಿಗೆ ಮುಗಿಸುತ್ತಿದ್ದೆ. ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ಎಷ್ಟೋ ಸಲ ಗಂಡ ಉಂಡ ಮೇಲೆ ತಿಳಿಯುತ್ತಿತ್ತು.

ನನ್ನ ಗಾದಿ ಹೊಲಿದು ಕೊಟ್ಟ ದಿನ ಅದರ ಮೇಲೆ ಎರಡು ಬಾರಿ ಬಡಿದು ಹೇಳಿದಳು:

"ನಿನ್ನ ಗಾದ್ಯಾಗ ಹತ್ತಿ ಸ್ವಲ್ಪ ಕಡಿಮಿ ಬಿತ್ತು ಬೇ. ಪದ ಹಾಕಿ ತುಂಬೇನಿ. ನಿದ್ದಿ ಬರಲಿಲ್ಲಂದ್ರ ಕಿವಿ ಹಚ್ಚಿ ಕೇಳು."

"ಹತ್ತಿ ಕದ್ದೀ ಅಂತ ನೆಟ್ಟಗ ಹೇಳು."

"ಕದ್ದಿದ್ರ ನಾನೂ ಮೆತ್ತನ್ನ ಗಾದಿ ಮ್ಯಾಲ ಮಲಗತಿದ್ನಿ. ಚಾಪಿ ಮ್ಯಾಲ ಯಾಕ ಮಲಗಲಿ?"

ಅದು ಖರೆ. ಊರಿಗೆಲ್ಲ ಗಾದಿ ಹೊಲಿದವಳು ಮಲಗುತ್ತಿದ್ದುದು ಚಾಪೆಯ ಮೇಲೆ. ಮೆತ್ತಗಿದ್ದರೆ ನಿದ್ದೆ ಬರುವುದಿಲ್ಲ, ಮಲಗಿಯೂ ಕೆಲಸ ಮಾಡಿದ ಹಾಗೆ ಅನಿಸುತ್ತದೆ ಎನ್ನುತ್ತಿದ್ದಳು.

ಆಮೇಲೆ ಅಂಗಡಿಗಳಲ್ಲಿ ರೆಡಿಮೇಡ್ ಗಾದಿ ಬಂದವು, ಪ್ಲಾಸ್ಟಿಕ್ ಹೊದಿಸಿದ್ದವು, ಒಳಗೆ ಸ್ಪಂಜು. ಗಾದಿ ಹೊತ್ತು ಬರುವವರು ಕಡಿಮೆಯಾದರು. ಅವಳ ಗಂಡ ತೀರಿಕೊಂಡ. ಮಗನಿಗೆ ಕುಮಾರಪಟ್ಟಣದ ನಾರಿನ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು, ತಾಯಿಯನ್ನು ಕರೆದುಕೊಂಡು ಹೋದ. ಅಲ್ಲಿ ಕಟ್ಟಿಗೆಯಿಂದ ಹತ್ತಿಯಂಥ ನಾರು ತೆಗೆಯುತ್ತಾರಂತೆ. "ನೋಡವ್ವ, ನಾನು ಹತ್ತಿ ಬಡದು ಬಡದು ಕಟಗಿ ಆದೆ, ನನ್ನ ಮಗಾ ಕಟಗೀಲೆ ಹತ್ತಿ ಮಾಡ್ತಾನ" ಎಂದು ನಕ್ಕಳು. ಹೋಗುವ ದಿನ ಟೆಂಪೊದಲ್ಲಿ ಪಾತ್ರೆಗಳ ನಡುವೆ ಬಿಲ್ಲು ಹಿಡಿದುಕೊಂಡು ಕೂತಿದ್ದಳು. ನನಗೆ ಕೈ ಮಾಡಲು ಕೈ ಖಾಲಿ ಇರಲಿಲ್ಲ. ಗದ್ದ ಎತ್ತಿ ತೋರಿಸಿದಳು.

ನನ್ನ ಗಂಡನೂ ಹೋದ ಮೇಲೆ ಅಂಗಡಿ ಮುಚ್ಚಿ ನಾನು ಮಗಳ ಮನೆಗೆ ಬಂದೆ, ಗಾದಿಯ ಸಮೇತ. ಒಮ್ಮೆ ಮಳೆಗಾಲದಲ್ಲಿ ಅವಳನ್ನು ನೋಡಲು ಕುಮಾರಪಟ್ಟಣಕ್ಕೆ ಹೋಗಿದ್ದೆ. ಬಿಲ್ಲು ಹಿತ್ತಲ ಗೋಡೆಗೆ ಅಡ್ಡ ಕಟ್ಟಿತ್ತು. ಹುರಿ ಇರಲಿಲ್ಲ. ಮೇಲೆ ಮೊಮ್ಮಗನ ಚಡ್ಡಿಗಳು ಒಣಗುತ್ತಿದ್ದವು.

"ನೋಡಿದೇನ್ ಸಾವಕಾರ್ತಿ? ಬಿಲ್ಲಿಗೂ ಪೆನ್ಶನ್ ಆತು."

ಇಬ್ಬರೂ ಹೊಳೆಯ ದಂಡೆಗೆ ಹೋಗಿ ಕೂತೆವು. ನೀರು ಕೆಂಪಗೆ ತುಂಬಿ ಹರಿಯುತ್ತಿತ್ತು. "ತವರಿನ ಹೊಳೀನೂ ಇದ, ಇಲ್ಲಿ ಹೊಳೀನೂ ಇದ. ನಾ ಎಲ್ಲೂ ಹೋಗಿಲ್ಲ ಬೇ, ದಂಡಿ ಹಿಡದು ಒಂಚೂರು ಸರದು ಕುಂತೇನಿ ಅಷ್ಟ" ಎಂದಳು. ಸ್ವಲ್ಪ ಹೊತ್ತಿನ ಮೇಲೆ ಕೇಳಿದಳು: "ನಿನ್ನ ಗಾದಿ ಹೆಂಗೈತಿ?"

"ಕಲ್ಲಾಗೈತಿ."

"ಮಳಿ ಮುಗೀಲಿ. ಹಸಿ ಹವಾದಾಗ ಹತ್ತಿ ಏಳೂದಿಲ್ಲ. ಬಿಸಲ ಬಿತ್ತಂದ್ರ ತಗೊಂಬಾ, ಹುರಿ ಕಟ್ಟಿ ಹಿಂಜಿ ಕೊಡ್ತೇನಿ."

"ನಿನ್ನ ಕೈಲೆ ಆಗತೈತೇನು ಈಗ?"

"ಕೈಲೆ ಆಗಲಿಲ್ಲಂದ್ರ ಬಾಯಲೇ ಬಡೀತೇನಿ. ಬಾಯಿ ಇನ್ನೂ ಗಟ್ಟಿ ಐತಿ."

ಮಳೆ ಮುಗಿಯಿತು. ಬಿಸಿಲು ಬೀಳುವ ಮೊದಲೇ ಅವಳು ಹೋದಳು. ಮಗಳ ಫೋನಿಗೆ ಸುದ್ದಿ ಬಂತು, ಅಕ್ಷರದಲ್ಲಿ. ಮೊಮ್ಮಗಳು ಓದಿದಳು, ಪಾಠ ಓದಿದ ಹಾಗೆ ಗಟ್ಟಿಯಾಗಿ. ಅವಳದು ತಪ್ಪಲ್ಲ, ಆರನೆಯ ಇಯತ್ತೆ ಹುಡುಗಿ, ಓದು ಎಂದು ಕೊಟ್ಟದ್ದನ್ನು ಓದಿದಳು. ಇಂಥ ಸುದ್ದಿಯನ್ನು ನಾನೇ ನನ್ನ ಕಣ್ಣಿನಿಂದ ಮೆಲ್ಲಗೆ ಓದಿಕೊಳ್ಳಬೇಕು ಎಂದು ನನಗೆ ಅನಿಸಿತು. ಫೋನು ಕಲಿಯಲು ಹಟ ಹಿಡಿದದ್ದು ಅದಕ್ಕೆ.

ಕಲಿತ ಮೇಲೆ ನಾನು ಫೋನಿನಲ್ಲಿ ಹುಡುಕಿದ ಮೊದಲ ವಸ್ತು ಆ ಸದ್ದು. ಹತ್ತಿ ಹಿಂಜುವ ಸದ್ದು ಎಂದು ಬರೆದೆ. ಒಂದು ವಿಡಿಯೋದಲ್ಲಿ ಮಶೀನು ಗುರ್ ಅಂದಿತು. ಇನ್ನೊಂದರಲ್ಲಿ ಒಬ್ಬ ಹುಡುಗಿ ರೆಡಿಮೇಡ್ ಗಾದಿಯ ಮೇಲೆ ಬಿದ್ದು ನಕ್ಕಳು. ಮರುದಿನದಿಂದ ಈ ಫೋನು ನನಗೆ ಗಾದಿ ಮಾರಲು ಹತ್ತಿತು. ಈಗಲೂ ಬಿಟ್ಟಿಲ್ಲ.

ಮಗಳು ನೋಡಿ ನೋಡಿ ಒಂದು ದಿನ ಕೇಳಿದಳು. "ಆ ಸದ್ದು ಒಮ್ಮಿ ಕೇಳಿಸಿದ್ನಿ ಅಂದ್ರ ಗಾದಿ ಬಿಚ್ಚಾಕ ಕೊಡ್ತಿ?"

"ಕೊಡ್ತೇನಿ."

"ಮಾತ ತಿರಗಬಾರದು."

"ಬ್ಯಾಡಗಿ ಸಾವಕಾರ್ತಿ ಅದೇನಿ, ತಿರಗೂದಿಲ್ಲ."

ನನಗೆ ಧೈರ್ಯ. ಆ ಸದ್ದು ಈಗ ಎಲ್ಲಿ ಸಿಗಬೇಕು? ಸಿಗದಿದ್ದರೆ ಗಾದಿ ಉಳಿಯಿತು. ಆದರೆ ರಾತ್ರಿ ಮಲಗಿದಾಗ, ಸಿಗಲಿ, ಒಂದೇ ಒಂದು ಸಲ ಸಿಗಲಿ ಎಂದೂ ಅನಿಸುತ್ತಿತ್ತು.

ಬೇಸಿಗೆ ರಜೆಯಲ್ಲಿ ಮೊಮ್ಮಗಳೇ ದಾರಿ ಹುಡುಕಿದಳು. ಬೆಂಗಳೂರಿನಲ್ಲಿ ಸಂಗೀತದ ಮ್ಯೂಜಿಯಂ ಇದೆಯಂತೆ, ಎಲ್ಲ ತರದ ವಾದ್ಯ, ಎಲ್ಲ ತರದ ಸದ್ದು ಇವೆಯಂತೆ, ಮುಟ್ಟಿ ಬಾರಿಸಬಹುದಂತೆ. ಮಗಳು, ಮೊಮ್ಮಗಳು, ಎರಡನೆಯ ಇಯತ್ತೆಯ ಮೊಮ್ಮಗ, ನಾನು, ನಾಲ್ಕೂ ಜನ ರೈಲು ಹತ್ತಿದೆವು. ಬ್ಯಾಡಗಿ ಸ್ಟೇಶನ್ ಹಿಂದೆ ಸರಿಯುವಾಗ ನಾನು ಕಿಟಕಿಗೆ ಮುಖ ಹಚ್ಚಿ ಕೂತೆ. ಕಾಣುವಂಥದ್ದು ಏನೂ ಇರಲಿಲ್ಲ. ಮೆಣಸಿನಕಾಯಿಯ ಘಾಟು ಮಾತ್ರ ಒಳಗೆ ಬಂದು ನನ್ನನ್ನು ಮಾತಾಡಿಸಿ ಹೋಯಿತು.

ಮ್ಯೂಜಿಯಮ್ಮಿನ ಒಳಗೆ ತಣ್ಣಗೆ, ಕನ್ನಡಿಯ ಹಾಗೆ ನೆಲ. ಹೆಜ್ಜೆ ಹೆಜ್ಜೆಗೂ "ಮುಟ್ಟಿ ನೋಡಿ", "ಬಾರಿಸಿ ನೋಡಿ" ಎಂದು ಬರೆದಿದ್ದರು. ಜೀವಮಾನವೆಲ್ಲ ಮಕ್ಕಳಿಗೆ ಮುಟ್ಟಬ್ಯಾಡ ಮುಟ್ಟಬ್ಯಾಡ ಎಂದು ಕೈಗೆ ಹೊಡೆದವಳು ನಾನು. ಇಲ್ಲಿ ಮುಟ್ಟುವುದಕ್ಕೆಂದೇ ಟಿಕೆಟ್ಟು. ಮೊಮ್ಮಗ ಕಟ್ಟಿದ ಕರು ಬಿಟ್ಟ ಹಾಗೆ ಓಡಿದ. ಒಂದು ಕಡೆ ನೆಲದ ಮೇಲೆ ಬಿಳಿ ಪಟ್ಟಿಗಳು, ತುಳಿದರೆ ಸ್ವರ ಬರುತ್ತದೆ. ನಾನೂ ಚಪ್ಪಲಿ ಬಿಟ್ಟು ಕುಣಿದೆ. ಮಂಡಿ ಒಂದು ರಾಗ ಹೇಳಿತು, ನೆಲ ಒಂದು ರಾಗ ಹೇಳಿತು.

"ಆಯೀ, ಎಲ್ಲಾರೂ ನೋಡಾಕತ್ತಾರ" ಎಂದು ಮೊಮ್ಮಗಳು ನನ್ನ ಸೆರಗು ಎಳೆದಳು.

"ನೋಡಲಿ ಬಿಡು. ಅವರೂ ಟಿಕೆಟ್ ತಗೊಂಡಾರ."

ಮುಂದೆ ಒಂದು ಗಾಜಿನ ಗೂಡು. ಒಳಗೆ ಹೋಗಿ ಹಾಡಿದರೆ ಅದು ಹಿಡಿದುಕೊಂಡು ನಮಗೇ ತಿರುಗಿ ಕೇಳಿಸುತ್ತದೆ. ಅಲ್ಲಿದ್ದ ಹುಡುಗಿ, ಮಾರ್ಗ ತೋರಿಸುವವಳು, "ಅಜ್ಜಿ, ನಿಮಗೆ ಬರೋ ಯಾವ ಹಾಡಾದ್ರೂ ಹಾಡಿ" ಎಂದು ಬಾಗಿಲು ತೆರೆದಳು. ನಾನು ಒಳಗೆ ಹೋಗಿ ನಿಂತೆ. ಬಾಗಿಲು ಮುಚ್ಚಿತು. ಅಷ್ಟು ಸದ್ದಿಲ್ಲದ ಜಾಗದಲ್ಲಿ ನಾನು ಹಿಂದೆ ಎಂದೂ ನಿಂತಿರಲಿಲ್ಲ. ನನ್ನ ಬಳೆಯ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು. ಯಾವ ಹಾಡು ಹೇಳಲಿ? ಪದ ಎತ್ತುವವಳು ನಾನಲ್ಲವಲ್ಲ. ಬಹಳ ಹೊತ್ತು ನಿಂತು ನನ್ನ ಸಾಲನ್ನೇ ಹೇಳಿದೆ. ಮೋಡ ಮನಿತುಂಬ, ಮಳಿ ಎಲ್ಲಿ ಅಕ್ಕವ್ವ?

ಹೇಳಿ, ರೂಢಿಯ ಹಾಗೆ, ಸುಮ್ಮನೆ ನಿಂತೆ. ಅವಳ ಸಾಲಿಗೆ ಜಾಗ ಬಿಟ್ಟು.

ಯಂತ್ರವೂ ಕಾಯಿತು. ಆಮೇಲೆ ಅದಕ್ಕೆ ಬೇಸರ ಬಂದಿರಬೇಕು, ಕೆಂಪು ದೀಪ ಹಚ್ಚಿ ಮುಗಿಸಿಬಿಟ್ಟಿತು. ಹೊರಗೆ ಬಂದಾಗ ನನ್ನದೇ ಧ್ವನಿ ಕೇಳಿಸಿದರು. ಮುದುಕಿಯೊಬ್ಬಳು ಮಳೆ ಎಲ್ಲಿ ಎಂದು ಕೇಳುತ್ತಾಳೆ, ಯಾರೂ ಹೇಳುವುದಿಲ್ಲ.

"ಇಷ್ಟ ಏನ?" ಎಂದ ಮೊಮ್ಮಗ.

"ಇಷ್ಟ" ಎಂದೆ.

ಮಗಳು ಎಲ್ಲ ಕಡೆ ಕೇಳಿದಳು, ಹತ್ತಿ ಹಿಂಜುವ ಬಿಲ್ಲು ಇದೆಯೇ ಎಂದು. ಮಾರ್ಗ ತೋರಿಸುವ ಹುಡುಗಿಗೆ ಅದು ವಾದ್ಯ ಹೇಗೆ ಎಂದು ತಿಳಿಯಲಿಲ್ಲ. ನಿಜ ಹೇಳಬೇಕೆಂದರೆ ಅದು ವಾದ್ಯವೂ ಅಲ್ಲ. ಇಲ್ಲ ಎಂದಳು. ನನಗೆ ಎದೆ ಹಗುರಾಯಿತು, ಕೂಡಲೇ ಭಾರವೂ ಆಯಿತು. "ನೋಡು, ಗಾದಿ ಉಳೀತು" ಎಂದು ಮಗಳಿಗೆ ಹೇಳಿದೆ.

ಕಡೆಯ ಅಂಗಳದಲ್ಲಿ ಮಕ್ಕಳು ಬಡಿಯಲು ಮರದ, ಕಲ್ಲಿನ ದೊಡ್ಡ ದೊಡ್ಡ ವಸ್ತು ಇಟ್ಟಿದ್ದರು. ಮೂಲೆಯಲ್ಲಿ ಒಂದು ಉದ್ದ ಮರದ ತೊಲೆ, ಅದರ ಮೇಲೆ ಬಿಗಿದ ಒಂದೇ ದಪ್ಪ ತಂತಿ. ಪಕ್ಕದಲ್ಲಿ ಒಂದು ಮರದ ಕೋಲು. ಮೊಮ್ಮಗ ಯಾರನ್ನೂ ಕೇಳದೆ ಕೋಲು ಎತ್ತಿ ಬೀಸಿದ.

ಡಂಯ್.

ನನ್ನ ಕಾಲಿಗೆ ಬಂತು ಅದು, ಮೊದಲು ಕಾಲಿಗೆ. ಆಮೇಲೆ ಎದೆಗೆ. ನಾನು ಕಣ್ಣು ಬಿಟ್ಟು ನೋಡಿದರೆ ನನ್ನ ಸೆರಗು ನನ್ನ ಮೂಗಿನ ಮೇಲಿತ್ತು. ಯಾವಾಗ ಎಳೆದುಕೊಂಡೆನೋ ತಿಳಿಯದು. ಸೆರಗಿನ ಮೇಲಿಂದ ಎದುರಿಗೆ ನೋಡಿದೆ. ನನ್ನ ಮಗಳು ನಿಂತಿದ್ದಳು. ಅವಳ ವೇಲು ಅವಳ ಮೂಗಿನ ಮೇಲಿತ್ತು.

ಒಂದು ಎಳೆಯೂ ಹಾರಲಿಲ್ಲ. ಅಷ್ಟು ಸ್ವಚ್ಛವಾದ ಜಾಗ. ತಾಯಿ ಮಗಳು ಇಬ್ಬರೂ ಮೂಗು ಮುಚ್ಚಿಕೊಂಡು, ಬರದ ಹತ್ತಿಗೆ ಕಾಯುತ್ತ ನಿಂತಿದ್ದೆವು.

ಮಾರ್ಗ ತೋರಿಸುವ ಹುಡುಗಿ ಗಾಬರಿಯಾಗಿ ಬಂದಳು. "ಏನಾದ್ರೂ ವಾಸನೆ ಬರ್ತಾ ಇದೆಯಾ ಮೇಡಂ?"

"ಇಲ್ರಿ" ಎಂದಳು ಮಗಳು, ವೇಲಿನ ಒಳಗಿಂದಲೇ. ಆಮೇಲೆ ನನಗೆ, ಮೆಲ್ಲಗೆ: "ಇದ ಹೌದಿಲ್ಲೊ?"

"ಇದಲ್ಲ" ಎಂದೆ. "ಆಕೀದು ಇನ್ನೂ ದಪ್ಪ ಇತ್ತು."

"ಯವ್ವಾ."

"ನಡಕ ಒಂದು ಟಿಂಗ್ ಬರತಿತ್ತು. ಇದರಾಗ ಬರಲಿಲ್ಲ."

"ಯವ್ವಾ, ಮೂಗು."

ನನ್ನ ಕೈ ಇನ್ನೂ ಮೂಗಿನ ಮೇಲೇ ಇತ್ತು.

ತಿರುಗಿ ಬರುವಾಗ ರೈಲಿನಲ್ಲಿ ಮಕ್ಕಳು ಒಬ್ಬರ ಮೇಲೊಬ್ಬರು ಒರಗಿ ನಿದ್ದೆ ಹೋದರು. ಮಗಳು ಕಿಟಕಿಯ ಆಚೆ ನೋಡುತ್ತ ಹೇಳಿದಳು: "ಸಣ್ಣಾಕಿ ಇದ್ದಾಗ ನಾ ಎಲ್ಲಾರ ಮನ್ಯಾಗೂ ಆ ಸದ್ದು ಇರತೈತಿ ಅಂತ ತಿಳದಿದ್ನಿ. ಮದಿವ್ಯಾಗಿ ಹಾವೇರಿಗೆ ಬಂದ ಮ್ಯಾಲ ಮಧ್ಯಾನ ಮಲಗಿದ್ರ ನಿದ್ದೀನ ಬರತಿದ್ದಿಲ್ಲ."

"ನನಗ ಹೇಳಲೇ ಇಲ್ಲ ನೀ."

"ಏನಂತ ಹೇಳಬೇಕು? ಆಕಿ ಹೋದ ಸುದ್ದಿ ಬಂದಾಗ ಅಂಗಡ್ಯಾಗ ಗಿರಾಕಿ ತುಂಬಿದ್ರು. ಅಳತಿ ತಗೊಂಡೆ, ಬಟ್ಟಿ ಕತ್ತರಿಸಿದೆ. ಅಳಾಕ ಆಗಲೇ ಇಲ್ಲ."

ನಾನು ಚೀಲದಿಂದ ಚುರುಮುರಿ ತೆಗೆದು ಅವಳ ಕೈಗೆ ಹಾಕಿದೆ. ಗಾದಿಯ ಮಾತು ಅವಳು ಎತ್ತಲಿಲ್ಲ. ಎತ್ತಿದ್ದರೆ ನಾನು ಜಗಳಾಡಿ ಗೆಲ್ಲುತ್ತಿದ್ದೆ. ಎತ್ತದೇ ಸೋಲಿಸಿದಳು. ಹಾವೇರಿ ಬರುವಷ್ಟರಲ್ಲಿ ನಾನೇ ಹೇಳಿದೆ:

"ಆತ ಬಿಡು. ಬಿಚ್ಚೂಣಂತ. ಮಾತಂದ್ರ ಮಾತು."

ನಿನ್ನೆ ಭಾನುವಾರ. ಬಿಸಿಲು ಚೆನ್ನಾಗಿತ್ತು. ಮಗಳು ಅಂಗಡಿಗೆ ರಜೆ ಕೊಟ್ಟಳು. ರಾಣೆಬೆನ್ನೂರಿನ ಮಶೀನಿನವರಿಗೆ ಫೋನು ಮಾಡಿಯಾಗಿತ್ತು. ನಾಲ್ಕು ಮೂಲೆಗೆ ನಾಲ್ಕು ಜನ ನಿಂತು ಗಾದಿಯನ್ನು ಮಾಳಿಗೆಗೆ ಹೊತ್ತೆವು. ಮೊಮ್ಮಗ ಹೊತ್ತದ್ದಕ್ಕಿಂತ ಜೋತುಬಿದ್ದದ್ದೇ ಹೆಚ್ಚು. ಇಳಿಸುವ ಮೊದಲು ನಾನು ಅದರ ಅಂಚಿನ ಹೊಲಿಗೆಯ ಮೇಲೆ ಬೆರಳು ಆಡಿಸಿದೆ. ಒತ್ತೊತ್ತಾದ ಹೊಲಿಗೆ. ಮೂಲೆಯಲ್ಲಿ ಅವಳು ದಾರವನ್ನು ಹಲ್ಲಿನಿಂದ ಕಡಿದ ತುದಿ ಇನ್ನೂ ಹಾಗೇ ಇತ್ತು.

"ಪದ ಒಳಗ ಅದಾವೇನು ಆಯಿ?" ಎಂದು ಮೊಮ್ಮಗಳು ಕೇಳಿದಳು. ರೈಲಿನಲ್ಲಿ ಹೋಗುವಾಗ ನಾನೇ ಹೇಳಿದ್ದೆ.

"ಕಿವಿ ಹಚ್ಚಿ ನೋಡು."

ಅವಳು ಕಿವಿ ಹಚ್ಚಿದಳು. ಅವಳ ತಮ್ಮನೂ ಹಚ್ಚಿದ. ಬಹಳ ಹೊತ್ತು ಹಾಗೇ ಇದ್ದರು. ಆಮೇಲೆ ಅವನು, "ನನ್ನ ಕಿವಿ ಸದ್ದ ನನಗ ಕೇಳಾಕತ್ತೈತಿ" ಎಂದ.

ಧಪ್ ಎಂದು ಗಾದಿಯನ್ನು ನೆಲಕ್ಕೆ ಹಾಕಿದೆವು. ದೂಳು ಎದ್ದಿತು. ಮಗಳು ಮೂಗಿಗೆ ವೇಲು ಕಟ್ಟಿಕೊಂಡು ಮಂಡಿಯೂರಿ, ಕತ್ತರಿ ತೆರೆದು, ಮೂಲೆಯ ಮೊದಲ ಹೊಲಿಗೆಗೆ ಇಟ್ಟಳು.

ನಾನು ಸೀನಿದೆ.

ಮಗಳ ಕೈ ನಿಂತಿತು. ಕತ್ತರಿ ಮೇಲಕ್ಕೆ ಎದ್ದಿತು. ಅವಳು ಹಾಗೇ ಎತ್ತಿ ಹಿಡಿದು ನನ್ನ ಮುಖ ನೋಡಿದಳು. ಬಾಯಿ ವೇಲಿನ ಒಳಗಿತ್ತು. ಕಣ್ಣು ಮಾತ್ರ ಕಾಣುತ್ತಿದ್ದವು. ಆ ಕಣ್ಣುಗಳ ಮೇಲೆ, ಹುಬ್ಬಿಗೆ, ಗಾದಿಯಿಂದ ಎದ್ದ ಬೆಳ್ಳಗಿನ ದೂಳು ಕೂತಿತ್ತು.

"ಇನ್ನೊಂದ ಸೀನು" ಎಂದಳು.

"ಯಾಕವಾ?" ಎಂದ ಮೊಮ್ಮಗ.

"ಒಂಟಿ ಸೀನಿಗೆ ಹೊಲಿಗಿ ಬಿಚ್ಚಬಾರದು. ಬರಲಿಲ್ಲಂದ್ರ ಇವತ್ತ ಬಿಚ್ಚೂ ಹಂಗಿಲ್ಲ" ಎಂದಳು ಅವನ ಅವ್ವ, ಅದು ತಮ್ಮ ಮನೆಯ ಹಳೆಯ ಕಾಯಿದೆ ಎಂಬಂತೆ.

ಮೂರೂ ಜನ ನನ್ನ ಮೂಗನ್ನೇ ನೋಡುತ್ತ ಕೂತರು. ಬಿಸಿಲಲ್ಲಿ ಎಳೆಗಳು ಮೆಲ್ಲಗೆ ಹಾರಾಡುತ್ತಿದ್ದವು. ಎರಡನೆಯದು ಒಳಗೆಲ್ಲೋ ಎದ್ದಿತು, ಮೇಲೆ ಬಂತು, ಮೂಗಿನ ತುದಿಗೆ ಬಂದು ನಿಂತಿತು. ನಾನು ಸೆರಗು ಎಳೆದುಕೊಂಡು ಮೂಗನ್ನು ಗಟ್ಟಿಯಾಗಿ ಒತ್ತಿ ಹಿಡಿದೆ.

"ಬಂತೇನ ಯವ್ವಾ?"

"ಬರವಲ್ದು" ಎಂದೆ.